ಗಣಿಯ ಬಗ್ಗಡ ನೀರನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ: ಡಂಪ್ ತಲೆಯಿಂದ ಪಾಂಡ್ ಕೋಡಿಯವರೆಗೆ

ಗಣಿಯಲ್ಲಿ ಹೂಳಿನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಪಾಂಡ್ (ಹೂಳು ಕೂರಿಸುವ ಹೊಂಡ) ಎಷ್ಟು ದೊಡ್ಡದು ತೋಡಬೇಕು?" ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಕೇಳುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಪಾಂಡ್ ದಂಡೆಯಲ್ಲಿ ನಿಂತ ಮೇಲೆ ನನ್ನ ಪ್ರಶ್ನೆ ಬದಲಾಯಿತು. ಇಷ್ಟು ಮಣ್ಣು ಇಲ್ಲಿವರೆಗೆ ಬಂದಿದ್ದಾದರೂ ಹೇಗೆ?

ಪಾಂಡ್ ಕೊನೆಯ ಬಾಗಿಲು. ಅದಕ್ಕೂ ಮೊದಲು ಎರಡು ಕೆಲಸ ಇವೆ. ಹೊರಗಿನ ತಿಳಿ ನೀರು ಗಣಿಯೊಳಗೆ ಬರದಂತೆ ನೋಡಿಕೊಳ್ಳುವುದು, ಒಳಗಿನ ಮಣ್ಣು ಇದ್ದಲ್ಲೇ ಇರುವಂತೆ ಮಾಡುವುದು. ಇವೆರಡು ಸರಿಯಾದರೆ ಪಾಂಡ್ ಚಿಕ್ಕದು ಸಾಕು, ಹೂಳೆತ್ತುವ ಖರ್ಚೂ ಇಳಿಯುತ್ತದೆ. ಈ ಬರಹದ ಹಂತಗಳೂ ಅದೇ ಕ್ರಮದಲ್ಲಿವೆ.

ಮೊದಲು ಒಂದು ಬಾಟಲಿ ತುಂಬಿಸಿ

ಜೋರು ಮಳೆ ಬಂದಾಗ ಡಂಪ್ (ಗಣಿಯಿಂದ ತೆಗೆದ ಬೇಡದ ಮಣ್ಣು, ಕಲ್ಲಿನ ಗುಡ್ಡೆ) ಬುಡದಲ್ಲಿ ಹರಿಯುವ ನೀರನ್ನು ಒಂದು ಖಾಲಿ ಬಾಟಲಿಗೆ ಹಿಡಿಯಿರಿ. ಮೇಜಿನ ಮೇಲಿಟ್ಟು ಗಡಿಯಾರ ನೋಡಿ. ಮರಳು ಕಣ್ಣೆದುರೇ ತಳಕ್ಕೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಗೋಡು ಮಣ್ಣು (ಸಿಲ್ಟ್) ಕೂರುತ್ತದೆ. ಮೇಲಿನ ನೀರು ಮಾತ್ರ ಮಾರನೇ ದಿನವೂ ಬಗ್ಗಡವಾಗೇ ಇದ್ದರೆ, ನಿಮ್ಮ ಮಣ್ಣಿನಲ್ಲಿ ಜೇಡಿ ಜಾಸ್ತಿ ಇದೆ ಎಂದರ್ಥ.

ಇದರ ಹಿಂದಿನ ಲೆಕ್ಕ ಸರಳ. ನಿಂತ ನೀರಿನಲ್ಲಿ 0.1 ಮಿ.ಮೀ. ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.02 ಮಿ.ಮೀ. ಗೋಡು ಕಣಕ್ಕೆ ಸುಮಾರು 46 ನಿಮಿಷ ಬೇಕು. 0.002 ಮಿ.ಮೀ. ಜೇಡಿ ಕಣಕ್ಕೆ 77 ಗಂಟೆ, ಅಂದರೆ ಮೂರು ದಿನಕ್ಕೂ ಮೇಲೆ. ಕಣದ ಗಾತ್ರ ಹತ್ತು ಪಟ್ಟು ಇಳಿದರೆ ಕೂರುವ ವೇಗ ನೂರು ಪಟ್ಟು ಇಳಿಯುತ್ತದೆ. ಇದು ಸ್ಟೋಕ್ಸ್ ನಿಯಮ. ಜೇಡಿಯನ್ನು ಬರೀ ಪಾಂಡ್ ಕಟ್ಟಿ ಹಿಡಿಯಲು ಯಾಕೆ ಆಗುವುದಿಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸುಲಭ. ಅರ್ಧ ಸೆಂಟಿಮೀಟರ್ ಗಾತ್ರದ ಒಣ ಹೆಂಟೆಯನ್ನು ಡಿಸ್ಟಿಲ್ಡ್ ವಾಟರ್ ಇರುವ ಲೋಟಕ್ಕೆ ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಒಡೆದು ಕುಸಿದರೆ ದೊಡ್ಡ ಚಿಂತೆ ಇಲ್ಲ. ಅದರ ಸುತ್ತ ಹೊಗೆಯಂತೆ ಬಗ್ಗಡ ಹರಡಿದರೆ ಅದು ನೀರಿನಲ್ಲಿ ತಾನಾಗೇ ಚದುರುವ ಮಣ್ಣು. ಅಂಥ ಮಣ್ಣಿನಲ್ಲಿ ಪಾಂಡ್ ಏರಿ ಕಟ್ಟಿದರೆ ಒಳಗಿಂದಲೇ ಬಿಲ ಬೀಳುತ್ತದೆ. ಅದನ್ನು ಡಂಪ್ ಮೇಲ್ಮೈಯಲ್ಲೂ ಬಿಡಬಾರದು.

ಹಂತ 1: ಮಳೆಯಲ್ಲೇ ನಡೆಯಿರಿ

ಸರ್ವೆ ನಕ್ಷೆ ಬೇಕೇ ಬೇಕು. ಆದರೆ ನಕ್ಷೆ ಮಾಡಿದ ದಿನದಿಂದ ಡಂಪ್ ಬೆಳೆದಿರುತ್ತದೆ, ರಸ್ತೆ ತಿರುಗಿರುತ್ತದೆ. ಹಾಗಾಗಿ ರೇನ್‌ಕೋಟ್ ಹಾಕಿಕೊಂಡು, ನಕ್ಷೆಯ ಪ್ರತಿ ಹಿಡಿದು, ಮಳೆ ಬೀಳುವಾಗಲೇ ಇಡೀ ಜಾಗ ಸುತ್ತಿ. ಸಿಡಿಲು ಇದ್ದರೆ ಬೇಡ, ಡಂಪ್ ಬುಡಕ್ಕೆ ತೀರಾ ಹತ್ತಿರವೂ ಬೇಡ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಬಣ್ಣ ತಿರುಗುತ್ತದೆ, ಎಲ್ಲಿ ಗಡಿ ದಾಟುತ್ತದೆ ಎಂದು ಬಾಣದ ಗುರುತು ಹಾಕಿ.

ನಾನು ಹೀಗೆ ಸುತ್ತಿದ ಒಂದು ಗಣಿಯಲ್ಲಿ ಪಾಂಡ್ ಚೆನ್ನಾಗಿತ್ತು, ಡಂಪ್ ಸುತ್ತ ಹಾರದಂತೆ ತೋಡಿದ ಚರಂಡಿ, ಅಂದರೆ ಗಾರ್ಲ್ಯಾಂಡ್ ಡ್ರೈನ್ ಕೂಡ ಇತ್ತು. ಆದರೂ ಕೆಳಗಿನ ಹಳ್ಳ ಕೆಂಪಾಗುತ್ತಿತ್ತು. ಕಾರಣ ಹುಡುಕಲು ಒಂದು ಮಳೆ ಸಾಕಾಯಿತು. ಟಿಪ್ಪರ್ ದಾಟಲೆಂದು ಯಾರೋ ಡ್ರೈನ್ ಮೇಲೆ ಮಣ್ಣು ಸುರಿದು ಐದಾರು ಮೀಟರ್ ದಾರಿ ಮಾಡಿದ್ದರು. ಕೆಳಗೆ ಪೈಪ್ ಇರಲಿಲ್ಲ. ಡ್ರೈನ್ ನೀರೆಲ್ಲ ಅಲ್ಲಿ ನಿಂತು, ಉಕ್ಕಿ, ಪಾಂಡ್ ಕಡೆ ತಿರುಗಿಯೂ ನೋಡದೆ ನೇರವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಎಷ್ಟು ಸಲ ಓಡಾಡಿದ್ದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ನಡಿಗೆ ಮುಗಿದ ಮೇಲೆ ನಕ್ಷೆಯನ್ನು ಮೂರು ಬಣ್ಣದಲ್ಲಿ ತುಂಬಿ. ಕೆಲಸ ಮುಟ್ಟದ ಮೇಲಿನ ಜಾಗದ ತಿಳಿ ನೀರು ಒಂದು. ಡಂಪ್, ರಸ್ತೆ, ಸ್ಟಾಕ್‌ಯಾರ್ಡ್‌ನ ಬಗ್ಗಡ ನೀರು ಇನ್ನೊಂದು. ವರ್ಕ್‌ಶಾಪ್, ಡೀಸೆಲ್ ಬಂಕ್, ಪೈರೈಟ್‌ನಂಥ ಗಂಧಕದ ಖನಿಜ ಇರುವ ಕಲ್ಲಿನ ರಾಶಿ ಇವುಗಳ ನೀರು ಮೂರನೆಯದು. ಮೂರನೆಯದನ್ನು ಯಾವತ್ತೂ ಬೇರೆಯದರ ಜೊತೆ ಸೇರಿಸಬೇಡಿ. ಪೈರೈಟ್ ಇರುವ ಕಲ್ಲಿಗೆ ಗಾಳಿ, ನೀರು ತಗುಲಿದರೆ ಆಮ್ಲ ಹುಟ್ಟುತ್ತದೆ. ಅದರಲ್ಲಿ ಕರಗಿದ ಲೋಹ ಎಷ್ಟು ದಿನ ಪಾಂಡ್‌ನಲ್ಲಿ ನಿಂತರೂ ತಳಕ್ಕೆ ಕೂರುವುದಿಲ್ಲ.

ಹಂತ 2: ಎಷ್ಟು ನೀರು ಬರುತ್ತದೆ?

ಚರಂಡಿಗೆ ಬೇಕಾಗಿರುವುದು ಆ ಕ್ಷಣದ ರಭಸ. ಪಾಂಡ್‌ಗೆ ಬೇಕಾಗಿರುವುದು ಒಟ್ಟು ಪ್ರಮಾಣ. ಈ ಎರಡನ್ನು ಬೆರೆಸಿ ಕೆಡಿಸಿಕೊಳ್ಳುವವರು ಬಹಳ ಮಂದಿ.

ರಭಸದ ಲೆಕ್ಕಕ್ಕೆ ಸಣ್ಣ ಜಾಗಗಳಲ್ಲಿ ಒಂದು ಹಳೆಯ ಸೂತ್ರ ಸಾಕು. ಹೆಕ್ಟೇರ್, ಗಂಟೆಗೆ ಬೀಳುವ ಮಳೆಯ ಮಿ.ಮೀ., ಹರಿವಿನ ಗುಣಕ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ಬರುವ ಉತ್ತರ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು. ಗುಣಕ ಅಂದರೆ ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು. ಟಿಪ್ಪರ್ ಓಡುವ ಗಟ್ಟಿಯಾದ ಹಾಲ್ ರೋಡ್‌ಗೆ 0.8ರಿಂದ 0.9, ಬೋಳು ಡಂಪ್‌ಗೆ 0.6ರ ಆಸುಪಾಸು, ಹುಲ್ಲು ಹಿಡಿದ ಇಳಿಜಾರಿಗೆ 0.3ರ ಸುತ್ತಮುತ್ತ ಹಿಡಿಯಬಹುದು.

ಉದಾಹರಣೆಗೆ 10 ಹೆಕ್ಟೇರ್ ಡಂಪ್, ಗಂಟೆಗೆ 60 ಮಿ.ಮೀ. ಮಳೆ, ಗುಣಕ 0.6 ಎಂದು ಹಿಡಿಯಿರಿ. 10 × 60 × 0.6 ÷ 360 = 1. ಅಂದರೆ ಸೆಕೆಂಡಿಗೆ ಒಂದು ಘನ ಮೀಟರ್, ಸಾವಿರ ಲೀಟರ್.

ಇಲ್ಲಿ ಒಂದು ತಪ್ಪು ಪದೇ ಪದೇ ನೋಡಿದ್ದೇನೆ. ದಿನಕ್ಕೆ 100 ಮಿ.ಮೀ. ಮಳೆ ಎಂದರೆ ಅದನ್ನು 24ರಿಂದ ಭಾಗಿಸಿ ಗಂಟೆಗೆ 4 ಮಿ.ಮೀ. ಎಂದು ಬರೆದುಬಿಡುತ್ತಾರೆ. ಮಳೆ ಹಾಗೆ ಹಂಚಿಕೊಂಡು ಬೀಳಲ್ಲ ಅಲ್ವಾ? ಡಂಪ್ ತುದಿಯಿಂದ ಚರಂಡಿ ಬಾಯಿಗೆ ನೀರು ಬರಲು 15 ನಿಮಿಷ ಸಾಕಾದರೆ, ಆ 15 ನಿಮಿಷದ ಅತಿ ಜೋರು ಮಳೆಯ ಅಂಕಿಯನ್ನೇ ತೆಗೆದುಕೊಳ್ಳಬೇಕು.

ಪಾಂಡ್‌ಗೆ ಬರುವ ಒಟ್ಟು ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಹೆಕ್ಟೇರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 10 ಘನ ಮೀಟರ್ ನೀರು. ಅದೇ 10 ಹೆಕ್ಟೇರ್ ಮೇಲೆ 100 ಮಿ.ಮೀ. ಬಿದ್ದರೆ 10,000 ಘನ ಮೀಟರ್. ಗುಣಕ ಸೇರಿಸಿದರೆ 6,000.

ಯಾವ ಮಳೆಗೆ ಲೆಕ್ಕ ಹಾಕಬೇಕು? ತಾತ್ಕಾಲಿಕ ಪಾಂಡ್‌ಗಳಿಗೆ 10 ವರ್ಷಕ್ಕೊಮ್ಮೆ ಬರುವ 24 ಗಂಟೆಯ ಮಳೆ ಎಂದು ಹಲವು ಕಡೆ ಹಿಡಿಯುತ್ತಾರೆ. ಈ "10 ವರ್ಷಕ್ಕೊಮ್ಮೆ" ಎಂಬ ಮಾತು ಮೋಸ ಮಾಡುತ್ತದೆ. ಅದರ ನಿಜ ಅರ್ಥ ಪ್ರತಿ ವರ್ಷವೂ ನೂರಕ್ಕೆ ಹತ್ತು ಸಾಧ್ಯತೆ ಎಂದು. 15 ವರ್ಷ ನಡೆಯುವ ಗಣಿಯಲ್ಲಿ ಅಂಥ ಮಳೆ ಒಮ್ಮೆಯಾದರೂ ಬರುವ ಸಾಧ್ಯತೆ 79 ಶೇಕಡ. ಹಾಗಾಗಿ ಪಾಂಡ್ ತುಂಬಿ ಕೋಡಿ ಬೀಳುವ ದಿನ ಬಂದೇ ಬರುತ್ತದೆ ಎಂದುಕೊಂಡೇ ಕಟ್ಟಬೇಕು.

ಹಂತ 3: ತಿಳಿ ನೀರಿಗೆ ಬೇರೆ ದಾರಿ

ಗಣಿಯ ಮೇಲ್ಭಾಗದ ಗುಡ್ಡದಿಂದ ಬರುವ ನೀರು ಹುಟ್ಟುವಾಗ ಹೆಚ್ಚುಕಮ್ಮಿ ತಿಳಿಯಾಗೇ ಇರುತ್ತದೆ. ಅದನ್ನು ಪಿಟ್ (ಅದಿರು ತೋಡುವ ಗುಂಡಿ) ಅಂಚಿಗೆ, ಡಂಪ್ ತಲೆಗೆ ಬಿಟ್ಟುಕೊಂಡು, ಬಗ್ಗಡ ಮಾಡಿ, ಆಮೇಲೆ ದುಡ್ಡು ಕೊಟ್ಟು ತಿಳಿ ಮಾಡುವುದು ಸುಮ್ನೆ ತಲೆನೋವು. ಮೇಲೆಯೇ ಒಂದು ತಿರುವು ಚರಂಡಿ ತೋಡಿ, ಗಣಿಯನ್ನು ಬಳಸಿ, ಕೆಳಗಿನ ಸಹಜ ಹಳ್ಳಕ್ಕೆ ಸೇರಿಸಿ.

ಸೆಕೆಂಡಿಗೆ ಒಂದು ಘನ ಮೀಟರ್ ನೀರಿಗೆ ಚರಂಡಿ ಎಷ್ಟು ದೊಡ್ಡದಿರಬೇಕು? ತಳ 60 ಸೆಂ.ಮೀ. ಅಗಲ, ಬದಿಗಳು ಒಂದಡಿ ಎತ್ತರಕ್ಕೆ ಎರಡಡಿ ವಾಟ, ಉದ್ದಕ್ಕೆ ನೂರು ಮೀಟರ್‌ಗೆ ಅರ್ಧ ಮೀಟರ್ ಇಳಿತ. ಇಷ್ಟಿದ್ದರೆ ನೀರು 55 ಸೆಂ.ಮೀ. ಆಳದಲ್ಲಿ, ಸೆಕೆಂಡಿಗೆ ಸುಮಾರು 1.07 ಮೀಟರ್ ವೇಗದಲ್ಲಿ ಹರಿಯುತ್ತದೆ. ಮೇಲೆ 25 ಸೆಂ.ಮೀ. ಬಿಟ್ಟು 80 ಸೆಂ.ಮೀ. ಆಳ ತೋಡಿ.

ವೇಗದ ಮೇಲೆ ಕಣ್ಣಿಡಿ. ಹುಲ್ಲಿಲ್ಲದ ಮರಳು ಮಿಶ್ರಿತ ಮಣ್ಣು ಸೆಕೆಂಡಿಗೆ 0.6 ಮೀಟರ್ ದಾಟಿದರೆ ಕೊಚ್ಚಲು ಶುರುವಾಗುತ್ತದೆ. ಚೆನ್ನಾಗಿ ಹಬ್ಬಿದ ಹುಲ್ಲು 1.5ರವರೆಗೆ ತಡೆಯುತ್ತದೆ. ಅದಕ್ಕೂ ಮೇಲೆ ಕಲ್ಲು ಪಿಚಿಂಗ್ ಬೇಕು. ಮೇಲಿನ ಉದಾಹರಣೆಯ ಚರಂಡಿಗೆ ಹುಲ್ಲು ಹಾಕಲೇಬೇಕು. ಇಂಗ್ಲಿಷ್ ವಿ ಆಕಾರದ ಚರಂಡಿ ತೋಡಲು ಬೇಗ, ಆದರೆ ನೀರೆಲ್ಲ ಒಂದೇ ಗೆರೆಯಲ್ಲಿ ಓಡಿ ತಳ ಕೊರೆಯುತ್ತದೆ. ತಳ ಅಗಲವಿರಲಿ. ಚರಂಡಿ ಹಳ್ಳಕ್ಕೆ ಸೇರುವ ಬಾಯಲ್ಲಿ ದಪ್ಪ ಕಲ್ಲು ಹಾಸಿ. ಕೊರಕಲು ಬೀಳಲು ಶುರುವಾಗುವುದು ಮುಕ್ಕಾಲು ಪಾಲು ಅಲ್ಲೇ.

ಹಂತ 4: ಮಣ್ಣು ಇದ್ದಲ್ಲೇ ಇರಲಿ

ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಮಣ್ಣನ್ನು ಮೊದಲು ಸಡಿಲ ಮಾಡುವುದೇ ಈ ಏಟು. ಹರಿವ ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ, ಅಷ್ಟೇ. ಹಾಗಾಗಿ ಏನಾದರೂ ಒಂದು ಹೊದಿಕೆ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಒಣಹುಲ್ಲು, ತೆಂಗಿನ ನಾರಿನ ಚಾಪೆ, ಜಲ್ಲಿ, ಬೆಳೆದ ಹುಲ್ಲು, ಯಾವುದಾದರೂ ಆದೀತು. ಒಂದು ಡಂಪ್ ಬೆಂಚ್ (ಮೆಟ್ಟಿಲಿನಂಥ ಹಂತ) ಮುಗಿದ ತಕ್ಷಣ ಅದಕ್ಕೆ ಹುಲ್ಲು ಹಾಕಿ. ಇಡೀ ಡಂಪ್ ಮುಗಿಯಲಿ ಎಂದು ಕಾಯಬೇಡಿ.

ಡಂಪ್ ಮೇಲಿನ ನೀರು ಅಂಚಿನಿಂದ ಕೆಳಗೆ ಧುಮುಕಬಾರದು. ತಲೆಯ ಮೇಲೆ ಒಳವಾಟ ಕೊಡಿ, ಅಂಚಿಗೆ ಬದು ಹಾಕಿ. ಬೆಂಚ್‌ಗಳಿಗೂ ಒಳವಾಟ, ಒಳಮೂಲೆಯಲ್ಲಿ ಚರಂಡಿ. ಅಲ್ಲಿಂದ ನೀರು ಇಳಿಯಲು ಕಲ್ಲು ಹಾಸಿದ ಒಂದೇ ಜಾರುಗಾಲುವೆ. ಆದರೆ ಬೆಂಚ್ ಮೇಲೆ ನೀರು ನಿಲ್ಲಬಾರದು. ನಿಂತ ನೀರು ಒಳಗಿಳಿದರೆ ಡಂಪೇ ಜಾರಬಹುದು. ಒಳವಾಟ ಕೊಟ್ಟು ಚರಂಡಿ ಮರೆತ ಬೆಂಚ್, ಏನೂ ಮಾಡದ ಬೆಂಚ್‌ಗಿಂತ ಅಪಾಯ.

ಇಳಿಜಾರನ್ನು ನುಣ್ಣಗೆ ಮಾಡುವ ಆಸೆ ಬಿಡಿ. ನೋಡಲು ಚೆಂದ, ನೀರಿಗೆ ಜಾರುಬಂಡೆ. ಡೋಜರ್ ಅನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಿ. ಆಗ ಅದರ ಪಟ್ಟಿಯ ಅಚ್ಚುಗಳು ಅಡ್ಡಡ್ಡ ಬೀಳುತ್ತವೆ, ಒಂದೊಂದೂ ಪುಟ್ಟ ಬದುವಿನಂತೆ ನೀರು ಹಿಡಿಯುತ್ತದೆ, ಬೀಜವೂ ಅಲ್ಲೇ ಕೂರುತ್ತದೆ. ಡೋಜರ್ ಅಡ್ಡಕ್ಕೆ ಓಡಿದರೆ ಅಚ್ಚುಗಳು ಮೇಲಿಂದ ಕೆಳಗೆ ಸಾಲು ಬಿದ್ದು, ನೀವೇ ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ.

ಇನ್ನು ಹಾಲ್ ರೋಡ್. ಡಂಪ್ ಮೇಲೆ ಎಲ್ಲರ ಕಣ್ಣು, ರಸ್ತೆ ಮೇಲೆ ಯಾರ ಕಣ್ಣೂ ಇಲ್ಲ. ಟಿಪ್ಪರ್ ಚಕ್ರ ದಿನವಿಡೀ ಕಲ್ಲನ್ನು ಹಿಟ್ಟು ಮಾಡುತ್ತಿರುತ್ತದೆ. ಮೊದಲ ಮಳೆಗೆ ಆ ಹಿಟ್ಟೆಲ್ಲ ಚರಂಡಿಗೆ. ರಸ್ತೆಗೆ 2ರಿಂದ 3 ಶೇಕಡ ಅಡ್ಡವಾಟ ಕೊಡಿ. ಪಕ್ಕದ ಚರಂಡಿಯ ನೀರನ್ನು ಅಲ್ಲಲ್ಲಿ ಸಣ್ಣ ಹೂಳುಗುಂಡಿಗಳಿಗೆ ತಿರುಗಿಸಿ. ರಸ್ತೆ ಸಮ ಮಾಡಲು ಗ್ರೇಡರ್ ಹೊಡೆದಾಗ ಅಂಚಿನಲ್ಲಿ ಮಣ್ಣಿನ ಸಾಲೊಂದು ಉಳಿಯುತ್ತದೆ, ಗಮನಿಸಿದ್ದೀರಾ? ಆ ಸಾಲು ನೀರನ್ನು ರಸ್ತೆ ಮೇಲೇ ಹಿಡಿದಿಟ್ಟು ಇಳಿಜಾರಿನುದ್ದಕ್ಕೂ ಓಡಿಸುತ್ತದೆ. ಗ್ರೇಡರ್ ಆಪರೇಟರ್‌ಗೆ ಹೇಳಿ ಅಲ್ಲಲ್ಲಿ ಬಾಯಿ ಬಿಡಿಸಿ. ಸುರಕ್ಷತಾ ಬದುವಿಗೂ ಇದೇ ಮಾತು. ಬದುವನ್ನು ಕಡಿಯಬೇಡಿ, ಅಡಿಯಲ್ಲಿ ಪೈಪ್ ಹಾಕಿ.

ಹಂತ 5: ದಾರಿಯಲ್ಲಿ ವೇಗ ಮುರಿಯಿರಿ

ಚರಂಡಿಗಳಲ್ಲಿ ಕಲ್ಲಿನ ಚೆಕ್ ಡ್ಯಾಂ ಹಾಕುವಾಗ ಮೂರು ವಿಷಯ ನೆನಪಿಡಿ. ನಡುವಿನ ಭಾಗ ಬದಿಗಳಿಗಿಂತ ಕನಿಷ್ಠ 15 ಸೆಂ.ಮೀ. ತಗ್ಗಿರಲಿ, ಇಲ್ಲದಿದ್ದರೆ ನೀರು ಬದಿ ಕೊರೆದುಕೊಂಡು ಹೋಗುತ್ತದೆ. ತುದಿಗಳು ದಂಡೆಯೊಳಗೆ ಹುದುಗಿರಲಿ. ಒಂದರ ಬುಡದ ಮಟ್ಟಕ್ಕೆ ಕೆಳಗಿನದರ ತಲೆ ಬರಲಿ. 60 ಸೆಂ.ಮೀ. ಎತ್ತರದ ಕಟ್ಟೆ, 4 ಶೇಕಡ ಇಳಿಜಾರು ಎಂದರೆ 0.6 ÷ 0.04, ಅಂದರೆ 15 ಮೀಟರ್‌ಗೊಂದು. ವರ್ಷವಿಡೀ ಹರಿಯುವ ಸಹಜ ಹಳ್ಳಕ್ಕೆ ಇದು ಬೇಡ.

ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯುವ ಬಟ್ಟೆಯ ಬೇಲಿ, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆಯ ಅಂಚು 15 ಸೆಂ.ಮೀ. ಮಣ್ಣಿನಲ್ಲಿ ಹೂತಿರಬೇಕು, ಸಮಮಟ್ಟದ ಗೆರೆಯಲ್ಲೇ ಸಾಗಬೇಕು, ಎರಡೂ ತುದಿ ಮೇಲಕ್ಕೆ ಬಾಗಿರಬೇಕು. ಹೂಳು ಮೂರನೇ ಒಂದರಷ್ಟು ಎತ್ತರಕ್ಕೆ ಬಂದರೆ ತೆಗೆಯಬೇಕು. ಚರಂಡಿಗೆ ಅಡ್ಡ ಕಟ್ಟಿದ ಸಿಲ್ಟ್ ಫೆನ್ಸ್ ಮೊದಲ ಮಳೆಗೇ ಮಲಗುತ್ತದೆ. ಅದು ಹರಡಿ ಬರುವ ನೀರಿಗಷ್ಟೇ.

ಹಂತ 6: ಈಗ ಪಾಂಡ್

ಪಾಂಡ್ ಕೆಲಸ ಮಾಡುವುದು ಮೇಲ್ಮೈ ವಿಸ್ತಾರದಿಂದ. ಬರುವ ಹರಿವನ್ನು ಕಣ ಕೂರುವ ವೇಗದಿಂದ ಭಾಗಿಸಿದರೆ ಬೇಕಾದ ವಿಸ್ತಾರ ಸಿಗುತ್ತದೆ. 0.02 ಮಿ.ಮೀ. ಕಣ ಸೆಕೆಂಡಿಗೆ 0.36 ಮಿ.ಮೀ. ಇಳಿಯುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ಹರಿವಿಗೆ ಸುಮಾರು 2,780 ಚದರ ಮೀಟರ್. ಸುಳಿ, ಗಾಳಿಗೆಂದು 20 ಶೇಕಡ ಸೇರಿಸಿದರೆ 3,330. ಅದೇ 0.002 ಮಿ.ಮೀ. ಜೇಡಿಗೆ ಲೆಕ್ಕ ಹಾಕಿದರೆ ಸುಮಾರು 28 ಹೆಕ್ಟೇರ್! ಡಂಪ್ ಇರುವುದೇ 10 ಹೆಕ್ಟೇರ್. ಅದಕ್ಕೇ ಜೇಡಿಗೆ ಬೇರೆ ಉಪಾಯ ಬೇಕು.

ಒಟ್ಟು ಪ್ರಮಾಣ: ಮಳೆನೀರು 6,000 ಘನ ಮೀಟರ್, ಹೂಳಿಗೆ ಅದರ ಅರ್ಧ 3,000. ಸೇರಿ 9,000. ಆಳ 2.7 ಮೀಟರ್, ಬದಿ ವಾಟ ಒಂದಕ್ಕೆ ಎರಡು ಇಟ್ಟರೆ ಮೇಲೆ 115 ಮೀಟರ್ ಉದ್ದ, 38 ಮೀಟರ್ ಅಗಲದ ಪಾಂಡ್‌ನಲ್ಲಿ ಸುಮಾರು 9,600 ಹಿಡಿಯುತ್ತದೆ. ಬದಿಯ ವಾಟ ಮರೆತು ಉದ್ದ, ಅಗಲ, ಆಳ ಸುಮ್ನೆ ಗುಣಿಸಿದರೆ ಕಾಗದದ ಮೇಲಿನ ಪಾಂಡ್‌ಗೂ ನೆಲದ ಮೇಲಿನದಕ್ಕೂ ತಾಳೆ ಆಗುವುದಿಲ್ಲ.

ಅಗಲದ ಮೂರು ಪಟ್ಟು ಉದ್ದ ಇರಲಿ. ನೀರು ಒಂದು ತುದಿಯಲ್ಲಿ ಒಳಗೆ, ಇನ್ನೊಂದು ತುದಿಯಲ್ಲಿ ಹೊರಗೆ. ಜಾಗ ಚೌಕವಾಗಿದ್ದರೆ ನಡುವೆ ತಡೆ ಹಾಕಿ ನೀರನ್ನು ಸುತ್ತಿಸಿ. ಒಳಬಾಯಲ್ಲಿ ಒಂದು ಚಿಕ್ಕ ಮುಂಗುಂಡಿ ಕಟ್ಟಿ, ಎಕ್ಸ್‌ಕವೇಟರ್ ಕೈ ಅದರ ಆಚೆ ದಂಡೆಗೆ ಮುಟ್ಟುವಷ್ಟು ಅಗಲ. ಮರಳೆಲ್ಲ ಅಲ್ಲೇ ಬೀಳುತ್ತದೆ, ಮಳೆಗಾಲದ ನಡುವೆಯೂ ಎತ್ತಬಹುದು.

ಏರಿ ಕಟ್ಟುವ ಮುನ್ನ ಮೇಲ್ಮಣ್ಣು, ಬೇರು ತೆಗೆದು ಅಡಿಪಾಯದ ಕಾಲುವೆ ತೋಡಿ. 20 ಸೆಂ.ಮೀ. ಪದರ ಪದರವಾಗಿ ಹದವಾದ ತೇವದಲ್ಲಿ ರೋಲರ್ ಹೊಡೆಯಿರಿ. ಏರಿ ಒಡೆಯುವುದು ಹೆಚ್ಚಾಗಿ ಎರಡು ಕಡೆ. ಒಂದು, ನೀರು ತಲೆ ಮೇಲಿಂದ ಹರಿದಾಗ. ಇನ್ನೊಂದು, ಏರಿಯಲ್ಲಿ ಹಾದುಹೋಗುವ ಪೈಪಿನ ಪಕ್ಕ ಮಣ್ಣು ಸರಿಯಾಗಿ ಕೂರದೆ ನೀರು ದಾರಿ ಮಾಡಿಕೊಂಡಾಗ. ಮೊದಲನೆಯದಕ್ಕೆ ಕೋಡಿ ಬೇಕು. ಅದನ್ನು ಹೊಸ ಮಣ್ಣಿನ ಏರಿಯಲ್ಲಿ ಕಡಿಯಬೇಡಿ, ಪಕ್ಕದ ಗಟ್ಟಿ ನೆಲದಲ್ಲಿ ಕಡಿದು ಕಲ್ಲು ಹಾಸಿ. ಕೋಡಿ ಹರಿಯುವಾಗಿನ ನೀರಿನ ಮಟ್ಟಕ್ಕಿಂತ ಏರಿ ತಲೆ ಕನಿಷ್ಠ ಅರ್ಧ ಮೀಟರ್ ಮೇಲಿರಲಿ. ಏರಿ ಎತ್ತರವಾಗಿದ್ದರೆ, ಕೆಳಗೆ ಮನೆ ರಸ್ತೆ ಇದ್ದರೆ, ಇದು ಅನುಭವಿ ಎಂಜಿನಿಯರ್ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಹೊರಬಾಯಿ ಮೇಲ್ಪದರದ ನೀರನ್ನು ತೆಗೆಯಲಿ. ತೇಲುವ ಬಾಯಿ ಇದ್ದರೆ ಬಹಳ ಒಳ್ಳೆಯದು. ಮಳೆ ನಿಂತು ನೀರು ತಿಳಿಯಾದ ಮೇಲೆ ಪಾಂಡ್ ಖಾಲಿ ಮಾಡಿ ಮುಂದಿನ ಮಳೆಗೆ ಜಾಗ ಮಾಡಿಕೊಳ್ಳಿ. ತುಂಬಿದ ಪಾಂಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪಿಟ್ ಸಂಪ್‌ನ ಪಂಪ್‌ಗೂ ಇದೇ ಬುದ್ಧಿ. ಹೀರುಕೊಳವೆಯನ್ನು ತಳದಲ್ಲಿ ಬಿಡದೆ ತೇಲುವ ಡ್ರಮ್ಮಿಗೆ ಕಟ್ಟಿ.

ಹಂತ 7: ಕೂರದ ಜೇಡಿಗೆ ಮದ್ದು

ಜೇಡಿ ಕಣಗಳು ಒಂದನ್ನೊಂದು ತಳ್ಳಿಕೊಂಡು ತೇಲುತ್ತಿರುತ್ತವೆ. ಪಟಿಕ, ಪಿಎಸಿ (ಪಾಲಿ ಅಲ್ಯೂಮಿನಿಯಂ ಕ್ಲೋರೈಡ್) ಅಥವಾ ಜಿಪ್ಸಮ್ ಹಾಕಿದರೆ ಆ ತಳ್ಳಾಟ ನಿಂತು ಗಂಟುಗಟ್ಟಿ ಕೂರುತ್ತವೆ. ಎಷ್ಟು ಹಾಕಬೇಕು ಅನ್ನೋದನ್ನು ಜಾರ್ ಟೆಸ್ಟ್ ಹೇಳುತ್ತದೆ. ಆರು ಜಾರ್‌ಗಳಲ್ಲಿ ಒಂದೊಂದು ಲೀಟರ್ ಪಾಂಡ್ ನೀರು. ಒಂದಕ್ಕೆ ಏನೂ ಬೇಡ, ಉಳಿದವಕ್ಕೆ ಪಟಿಕ ಅಥವಾ ಪಿಎಸಿ 10, 20, 30, 40, 60 ಮಿಲಿಗ್ರಾಂ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಡಿ. ನೀರು ಸಾಕಷ್ಟು ತಿಳಿಯಾದ ಜಾರ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮದ್ದು ಹಾಕಿದ್ದೇ ನಿಮ್ಮ ಅಳತೆ. ಜಾಸ್ತಿ ಹಾಕಿದರೆ ಇನ್ನೂ ಚೆನ್ನ ಅಂದುಕೊಳ್ಳಬೇಡಿ. ಪಟಿಕ, ಪಿಎಸಿ ಅತಿಯಾದರೆ ಕಣಗಳು ಮತ್ತೆ ತೇಲಲು ಶುರು ಮಾಡುತ್ತವೆ, ಪಿಎಚ್ ಕೂಡ ಇಳಿಯುತ್ತದೆ. ಪಾಲಿಮರ್ ಬಳಸುವುದಾದರೆ ಋಣ ವಿದ್ಯುದಂಶದ್ದನ್ನೇ ತರಿಸಿ. ಧನ ವಿದ್ಯುದಂಶದ್ದು ಮೀನಿನ ಕಿವಿರಿಗೆ ಅಂಟಿ ಕೊಲ್ಲುತ್ತದೆ. ಮದ್ದನ್ನು ಪಾಂಡ್ ನಡುವೆ ಎಸೆಯಬೇಡಿ. ಒಳಬರುವ ಚರಂಡಿಯಲ್ಲಿ, ನೀರು ಕಲ್ಲಿಗೆ ಬಡಿದು ಕುದಿಯುವ ಜಾಗದಲ್ಲಿ ಬಿಡಿ.

ಹಂತ 8: ನೋಡುತ್ತಿರಿ, ಎತ್ತುತ್ತಿರಿ

ಗಣಿಯಲ್ಲೇ ಒಂದು ಮಳೆಮಾಪಕ ಇಡಿ. ವಾರಕ್ಕೊಮ್ಮೆ, ಮತ್ತೆ ಪ್ರತಿ ಜೋರು ಮಳೆಯ ಮಾರನೇ ದಿನ, ಮೇಲಿನ ಚರಂಡಿಯಿಂದ ಕೋಡಿಯವರೆಗೆ ಸುತ್ತಿ. ಪಾಂಡ್ ನಡುವೆ ಕಂಬ ನೆಟ್ಟು, ಹೂಳಿಗೆ ಬಿಟ್ಟ ಜಾಗದ ಅರ್ಧ ಎಲ್ಲಿಗೆ ಬರುತ್ತದೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ಹೂಳು ಗೆರೆ ಮುಟ್ಟಿತೇ, ಎಕ್ಸ್‌ಕವೇಟರ್ ಕರೆಸಿ.

ಹೊರಹೋಗುವ ನೀರಿನಲ್ಲಿ ಎಷ್ಟು ಮಣ್ಣು ಇರಬಹುದು ಎಂಬ ಮಿತಿ ನಿಮ್ಮ ಪರವಾನಗಿಯಲ್ಲಿ ಇರುತ್ತದೆ. ಹೋಲಿಕೆಗೆ ಬೇಕಿದ್ದರೆ, ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿಯ ಗಣಿ ಮಾರ್ಗಸೂಚಿ ಹೇಳುವುದು ಲೀಟರ್‌ಗೆ 50 ಮಿಲಿಗ್ರಾಂ ತೇಲುಮಣ್ಣು, ಪಿಎಚ್ 6ರಿಂದ 9. ಬೇರೆ ನೀರು ಬೆರೆಸಿ ತೆಳು ಮಾಡಿ ತೋರಿಸುವಂತಿಲ್ಲ. ಲ್ಯಾಬ್ ವರದಿ ಬರಲು ದಿನ ಹಿಡಿಯುತ್ತದೆ. ಬಗ್ಗಡ ಅಳೆಯುವ ಟರ್ಬಿಡಿಟಿ ಮೀಟರ್ ಅಲ್ಲೇ ಅಂಕಿ ಕೊಡುತ್ತದೆ. ಬೇರೆ ಬೇರೆ ಮಳೆಯಲ್ಲಿ ಹದಿನೈದಿಪ್ಪತ್ತು ಮಾದರಿ ತೆಗೆದು, ಮೀಟರ್ ಅಂಕಿ, ಲ್ಯಾಬ್ ಅಂಕಿ ಎರಡನ್ನೂ ಒಂದು ಗ್ರಾಫಿನಲ್ಲಿ ಹಾಕಿಕೊಳ್ಳಿ. ಪಕ್ಕದ ಗಣಿಯ ಗ್ರಾಫ್ ನಿಮಗೆ ನಡೆಯುವುದಿಲ್ಲ, ಮಣ್ಣೇ ಬೇರೆ. ಮಾದರಿಯನ್ನು ಮಳೆ ನಿಂತ ಮೇಲೆ ಅಲ್ಲ, ಹರಿವು ಏರುತ್ತಿರುವಾಗಲೇ ತೆಗೆಯಿರಿ. ಅತಿ ಬಗ್ಗಡ ನೀರು ಬರುವುದು ಆಗಲೇ.

ಎತ್ತಿದ ಹೂಳನ್ನು ಪಾಂಡ್ ಏರಿ ಮೇಲೇ ರಾಶಿ ಹಾಕುವವರಿದ್ದಾರೆ. ಮುಂದಿನ ಮಳೆಗೆ ಅದೇ ಮಣ್ಣು ಮತ್ತೆ ಒಳಗೆ. ಪಕ್ಕದಲ್ಲಿ ಪಾಂಡ್ ಕಡೆಗೇ ವಾಟ ಇರುವ, ಸುತ್ತ ಬದು ಹಾಕಿದ ಒಂದು ಅಂಗಳ ಮಾಡಿ. ಅಲ್ಲಿ ನೀರು ಬಸಿದು ಒಣಗಿದ ಮೇಲೆ ಡಂಪ್‌ನ ಒಳಭಾಗಕ್ಕೆ ಸಾಗಿಸಿ, ಅಂಚಿಗೆ ಬೇಡ. ಗಣಿ ಮುಚ್ಚುವಾಗಲೂ ಯಂತ್ರಗಳ ಜೊತೆಗೇ ಪಾಂಡ್ ಮುಚ್ಚಿ ಹೊರಡಬೇಡಿ. ಇಳಿಜಾರುಗಳಲ್ಲಿ ಹುಲ್ಲು ನಿಂತು, ಮಳೆಗಾಲದಲ್ಲಿ ಒಳಬಾಯಿಗೆ ಹಿಡಿದ ಬಾಟಲಿಯ ನೀರು ತಿಳಿಯಾಗಿ ಕಂಡ ಮೇಲೆ ಏರಿ ಒಡೆಯಿರಿ.